ಮಿನಿ ಟ್ರ್ಯಾಕ್ಟರ್‌ನ ಲೋಡರ್‌ಗೆ ಮೂರನೇ ಹೈಡ್ರಾಲಿಕ್ ಲೈನ್: ಆಯ್ಕೆ, ಅಳತೆ ಮತ್ತು ಜೋಡಣೆ

ಮಿನಿ ಟ್ರ್ಯಾಕ್ಟರ್‌ನ ಮುಂದೆ ಲೋಡರ್ ಕಟ್ಟಿಸಿಕೊಂಡವರಿಗೆ ಮಣ್ಣು, ಜಲ್ಲಿ, ಗೊಬ್ಬರ ತುಂಬುವ ಕೆಲಸದಲ್ಲಿ ಸಾಮಾನ್ಯ ಬಕೆಟ್ಟೇ ಸಾಕಾಗುತ್ತದೆ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ತೋಟಗಳಲ್ಲಿ ಸಾಗಿಸಬೇಕಾದ ವಸ್ತುಗಳಲ್ಲಿ ಬಹುಪಾಲು ಬಕೆಟ್ಟಿನಲ್ಲಿ ನಿಲ್ಲುವಂಥವಲ್ಲ. ಸೊಪ್ಪಿನ ಬೆಟ್ಟದಿಂದ ಇಳಿಸುವ ಹಸಿ ಸೊಪ್ಪು, ಗುಡಿಸಿ ರಾಶಿ ಹಾಕಿದ ದರಕು (ಒಣ ಎಲೆ), ತೋಟದಲ್ಲಿ ಬಿದ್ದ ಸೋಗೆ, ಮಳೆಗಾಲದ ಗಾಳಿಗೆ ಉರುಳಿದ ಮರದ ತುಂಡುಗಳು, ಕರಾವಳಿಯ ಕಡೆಯಾದರೆ ತೆಂಗಿನ ಒಣಗಿದ ಗರಿಗಳು, ಇವೆಲ್ಲ ಬಕೆಟ್ ಮೇಲೆತ್ತುತ್ತಿದ್ದಂತೆಯೇ ಅಕ್ಕಪಕ್ಕಕ್ಕೆ ಜಾರುತ್ತವೆ. ಇಂಥವನ್ನು ಹಿಡಿಯಲು ಮೇಲಿನಿಂದ ಅದುಮುವ ಒಂದು ದವಡೆ ಬೇಕು. ಗ್ರ್ಯಾಪಲ್ ಎಂದು ಕರೆಯುವ ಈ ದವಡೆಯನ್ನು ತೆರೆದು ಮುಚ್ಚಲು ಪ್ರತ್ಯೇಕ ಸಿಲಿಂಡರ್ ಬೇಕು, ಮತ್ತು ಆ ಸಿಲಿಂಡರ್‌ಗೆ ಆಯಿಲ್ ಕೊಡಲು ಲೋಡರ್‌ನಲ್ಲಿ ಈಗಿರುವ ಎರಡು ಜೋಡಿ ಲೈನ್‌ಗಳ ಜೊತೆಗೆ ಮೂರನೆಯ ಒಂದು ಜೋಡಿ ಬೇಕು. ಆ ಮೂರನೇ ಜೋಡಿಯನ್ನು ಹಾಕಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದೆ.

ಕೆಲಸದಲ್ಲಿ ಕಷ್ಟವಾದ ಭಾಗ ಹೋಸ್ ಬಿಗಿಯುವುದಲ್ಲ. ನಿಮ್ಮ ಟ್ರ್ಯಾಕ್ಟರ್‌ನಲ್ಲಿ ಆಯಿಲ್ ಪಂಪಿನಿಂದ ಹೊರಟು ಯಾವ ದಾರಿಯಲ್ಲಿ ಸುತ್ತಿ ಟ್ಯಾಂಕಿಗೆ ಮರಳುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡವರಿಗೆ ಉಳಿದದ್ದೆಲ್ಲ ತಾಳ್ಮೆಯ ಕೆಲಸ. ಅದನ್ನು ತಿಳಿಯದೆ ಬೆಲೆ ನೋಡಿ ವಾಲ್ವ್ ಕೊಂಡು ತಂದವರಿಗೆ ಪಂಪ್ ಸೀಲ್ ಹಾರಿಹೋಗುವುದು, ಹಿಂದಿನ ಲಿಫ್ಟ್ ಏಳದಿರುವುದು, ಆಯಿಲ್ ಕಾದು ಕಪ್ಪಾಗುವುದು ಇಂಥ ತೊಂದರೆಗಳು ಕಟ್ಟಿಟ್ಟ ಬುತ್ತಿ.

ಆಯಿಲ್ ಹರಿಯುವ ದಾರಿ

ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಗೇರ್ ಪಂಪ್ ಇರುತ್ತದೆ. ಎಂಜಿನ್ ತಿರುಗುವಷ್ಟು ಹೊತ್ತೂ ಅದು ಆಯಿಲನ್ನು ತಳ್ಳುತ್ತಲೇ ಇರುತ್ತದೆ; ಲಿವರ್‌ಗಳನ್ನು ಮುಟ್ಟದಿದ್ದಾಗ ಆ ಆಯಿಲ್ ವಾಲ್ವ್‌ಗಳ ನಡುವಿನ ತೆರೆದ ದಾರಿಯಲ್ಲಿ ಸಾಗಿ ಟ್ಯಾಂಕಿಗೆ ವಾಪಸಾಗುತ್ತದೆ. ಇದನ್ನು ಓಪನ್ ಸೆಂಟರ್ ವ್ಯವಸ್ಥೆ ಎನ್ನುತ್ತಾರೆ. ಇಲ್ಲಿನ ಮೂಲ ನಿಯಮ ಒಂದೇ: ಹರಿಯುತ್ತಿರುವ ಆಯಿಲಿಗೆ ಯಾವಾಗಲೂ ಒಂದು ದಾರಿ ತೆರೆದಿರಬೇಕು. ಲಿವರ್ ಮುಟ್ಟದಿದ್ದಾಗ ದಾರಿಯನ್ನು ಮುಚ್ಚಿಬಿಡುವ ಕ್ಲೋಸ್ಡ್ ಸೆಂಟರ್ ವಾಲ್ವ್ ಒಂದನ್ನು ಗೊತ್ತಿಲ್ಲದೆ ಈ ದಾರಿಯಲ್ಲಿ ಕೂರಿಸಿದರೆ ಎಂಜಿನ್ ಶುರುವಾದ ಕ್ಷಣದಿಂದಲೇ ಪಂಪ್ ಗೋಡೆಗೆ ತಳ್ಳಲಾರಂಭಿಸುತ್ತದೆ, ಒತ್ತಡ ಮಿತಿ ಮೀರಿದಾಗ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಕಿರುಚುತ್ತದೆ, ಕೆಲವೇ ನಿಮಿಷಗಳಲ್ಲಿ ಆಯಿಲ್ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ.

ನಮ್ಮಲ್ಲಿ ಎರಡು ಬಗೆಯ ಲೋಡರ್‌ಗಳು ಕಾಣಸಿಗುತ್ತವೆ. ಒಂದು ಬಗೆಯಲ್ಲಿ ಟ್ರ್ಯಾಕ್ಟರ್‌ನ ಸ್ವಂತ ಪಂಪಿನ ಆಯಿಲೇ ಮೊದಲು ಲೋಡರ್ ವಾಲ್ವಿಗೆ ಬಂದು, ಅಲ್ಲಿಂದ ಪವರ್ ಬಿಯಾಂಡ್ ಎಂಬ ಪೋರ್ಟಿನ ಮೂಲಕ ಹಿಂದಿನ ತ್ರೀ ಪಾಯಿಂಟ್ ಲಿಫ್ಟಿಗೆ ಹೋಗುತ್ತದೆ. ಗೇರ್ ಬಾಕ್ಸಿನ ಆಯಿಲೇ ಹೈಡ್ರಾಲಿಕ್ ಆಯಿಲ್ ಆಗಿರುತ್ತದೆ. ಇನ್ನೊಂದು ಬಗೆಯಲ್ಲಿ, ಹೆಚ್ಚಾಗಿ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಕಟ್ಟಿಸಿದವುಗಳಲ್ಲಿ, ಎಂಜಿನ್ನಿನ ಮುಂದಿನ ಪುಲ್ಲಿಗೆ ಜೋಡಿಸಿದ ಬೇರೆ ಪಂಪ್, ಲೋಡರ್ ಫ್ರೇಮಿನಲ್ಲೇ ಬೇರೆ ಟ್ಯಾಂಕ್ ಇರುತ್ತವೆ. ಎರಡನೆಯದರಲ್ಲಿ ಹಿಂದಿನ ಲಿಫ್ಟಿನ ಚಿಂತೆಯಿಲ್ಲ, ಆದರೆ ಟ್ಯಾಂಕ್ ಚಿಕ್ಕದಾದ್ದರಿಂದ ಬಿಸಿಯ ಚಿಂತೆ ಹೆಚ್ಚು. ನಿಮ್ಮದು ಯಾವುದು ಎಂದು ಪಂಪಿನಿಂದ ಹೊರಡುವ ಪೈಪನ್ನು ಕೈಯಿಂದಲೇ ಹಿಂಬಾಲಿಸಿ ನೋಡಿ, ಒಂದು ಹಾಳೆಯ ಮೇಲೆ ಚಿತ್ರ ಬರೆದುಕೊಳ್ಳಿ. ವಾಲ್ವಿನ ಮೇಲೆ ಕೆತ್ತಿರುವ ಪಿ, ಟಿ, ಎ, ಬಿ ಅಕ್ಷರಗಳನ್ನೂ ಅದೇ ಹಾಳೆಯಲ್ಲಿ ಗುರುತಿಸಿ. ಪಿ ಎಂದರೆ ಒತ್ತಡದ ಒಳದಾರಿ, ಟಿ ಎಂದರೆ ಟ್ಯಾಂಕಿಗೆ ಮರಳುವ ದಾರಿ, ಎ ಮತ್ತು ಬಿ ಸಿಲಿಂಡರ್‌ಗೆ ಹೋಗುವ ದಾರಿಗಳು.

ಟ್ರ್ಯಾಕ್ಟರ್ ಇನ್ನೂ ವಾರಂಟಿಯಲ್ಲಿದ್ದರೆ, ಅದರ ಆಯಿಲ್ ದಾರಿಯನ್ನು ಕತ್ತರಿಸುವ ಮೊದಲು ಡೀಲರ್ ಬಳಿ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಮೂರು ವಿಧಾನಗಳಲ್ಲಿ ಯಾವುದನ್ನು ಆರಿಸಬೇಕು

ಹಿಂಬದಿಯಲ್ಲಿ ಡಬಲ್ ಆಕ್ಟಿಂಗ್ (ಎರಡೂ ಕಡೆಗೆ ಬಲ ಕೊಡುವ) ಎಕ್ಸ್‌ಟರ್ನಲ್ ಹೈಡ್ರಾಲಿಕ್ ಇರುವ ಟ್ರ್ಯಾಕ್ಟರ್ ಆಗಿದ್ದರೆ, ಅಲ್ಲಿಂದ ಎರಡು ಹೋಸ್‌ಗಳನ್ನು ಮುಂದಕ್ಕೆ ಎಳೆದು ತರುವುದು ಅತ್ಯಂತ ಸರಳವಾದ ವಿಧಾನ. ಯಾವ ವಾಲ್ವನ್ನೂ ಹೊಸದಾಗಿ ಕೂರಿಸಬೇಕಿಲ್ಲ. ಇದರ ಕೊರತೆ ಎಂದರೆ ಗ್ರ್ಯಾಪಲ್ ತೆರೆಯಲು ಪ್ರತಿಸಲ ಲೋಡರ್ ಲಿವರ್ ಬಿಟ್ಟು ಹಿಂದಿನ ಲಿವರ್‌ಗೆ ಕೈ ಹಾಕಬೇಕು. ಇಳಿಜಾರಿನ ತೋಟದ ದಾರಿಯಲ್ಲಿ ಒಂದು ಕೈ ಸ್ಟೀರಿಂಗಿನಲ್ಲೇ ಇರಬೇಕಾದಾಗ ಇದು ಕಷ್ಟ. ಇನ್ನೊಂದು ಮುಖ್ಯ ವಿಷಯವನ್ನು ಗಮನಿಸಬೇಕು: ಟಿಪ್ಪಿಂಗ್ ಟ್ರೇಲರ್‌ಗಾಗಿ ಕೊಟ್ಟಿರುವ ಒಂದೇ ಪೈಪಿನ ಸಂಪರ್ಕ ಸಿಂಗಲ್ ಆಕ್ಟಿಂಗ್ ಆಗಿರುತ್ತದೆ. ಅದು ಎತ್ತಬಲ್ಲದು, ಇಳಿಸುವುದು ಟ್ರೇಲರ್‌ನ ತೂಕದಿಂದ. ಎರಡೂ ಕಡೆಗೆ ಬಲ ಬೇಕಾದ ಗ್ರ್ಯಾಪಲ್ ಸಿಲಿಂಡರ್‌ಗೆ ಅದು ಉಪಯೋಗಕ್ಕೆ ಬಾರದು.

ಎರಡನೆಯದು ಡೈವರ್ಟರ್ ವಾಲ್ವ್. ಲೋಡರ್‌ನಲ್ಲಿ ಬಕೆಟ್ ಮಗುಚುವ ಎರಡು ಲೈನ್‌ಗಳ ನಡುವೆ ಆರು ಪೋರ್ಟಿನ, 12 ವೋಲ್ಟ್ ಸೊಲೆನಾಯ್ಡ್ (ವಿದ್ಯುತ್ಕಾಂತ) ಇರುವ ಒಂದು ವಾಲ್ವನ್ನು ಕೂರಿಸಲಾಗುತ್ತದೆ. ಬಟನ್ ಒತ್ತದಿದ್ದಾಗ ಆಯಿಲ್ ಎಂದಿನಂತೆ ಬಕೆಟ್ ಸಿಲಿಂಡರ್‌ಗೆ ಹೋಗುತ್ತದೆ. ಒತ್ತಿ ಹಿಡಿದಾಗ ಅದೇ ಲಿವರ್‌ನ ಅದೇ ಚಲನೆಗೆ ಗ್ರ್ಯಾಪಲ್ ತೆರೆದು ಮುಚ್ಚುತ್ತದೆ. ಪಂಪಿನ ಮುಖ್ಯ ದಾರಿಯನ್ನು ಮುಟ್ಟುವ ಅಗತ್ಯವೇ ಇಲ್ಲದಿರುವುದು ಇದರ ದೊಡ್ಡ ಗುಣ. ಬಕೆಟ್ ಮತ್ತು ಗ್ರ್ಯಾಪಲ್ ಎರಡನ್ನೂ ಒಟ್ಟಿಗೆ ಆಡಿಸಲಾಗದು ಎಂಬುದು ಮಿತಿ, ಆದರೆ ಸೊಪ್ಪು, ಸೋಗೆ, ತುಂಡು ಹಿಡಿಯುವ ಕೆಲಸದಲ್ಲಿ ಆ ಅಗತ್ಯ ಬರುವುದು ಅಪರೂಪ.

ಮೂರನೆಯದು ಪೂರ್ಣ ಪ್ರಮಾಣದ ಥರ್ಡ್ ಫಂಕ್ಷನ್ ವಾಲ್ವ್. ಇದು ಪಂಪಿನಿಂದ ಬರುವ ಒತ್ತಡದ ಲೈನಿನಲ್ಲೇ ಕೂರುತ್ತದೆ, ತನ್ನದೇ ಟ್ಯಾಂಕ್ ಲೈನನ್ನು ಬೇಡುತ್ತದೆ, ಉಳಿದ ಆಯಿಲನ್ನು ಪವರ್ ಬಿಯಾಂಡ್ ಮೂಲಕ ಲೋಡರ್ ವಾಲ್ವಿಗೆ ಸಾಗಿಸುತ್ತದೆ. ಹೈಡ್ರಾಲಿಕ್ ಮೋಟಾರಿನಿಂದ ತಿರುಗುವ ಉಪಕರಣ, ಉದಾಹರಣೆಗೆ ಗುಂಡಿ ತೋಡುವ ಆಗರ್ ಅಥವಾ ತಿರುಗುವ ಬ್ರಷ್, ಬೇಕೆನ್ನುವವರಿಗೆ ಇದೇ ಸರಿ. ಡೈವರ್ಟರ್‌ನಲ್ಲಿ ಅಂಥ ಉಪಕರಣ ಓಡಿಸಲು ಬಟನ್ನನ್ನೂ ಲಿವರನ್ನೂ ಇಡೀ ಹೊತ್ತು ಹಿಡಿದುಕೊಂಡೇ ಇರಬೇಕಾಗುತ್ತದೆ. ಆದರೂ ಒಂದು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 20 ಲೀಟರ್ ಹರಿವು, 150 ಬಾರ್ ಒತ್ತಡ ಇರುವ ಪಂಪಿನಿಂದ ಸಿಗುವ ಒಟ್ಟು ಶಕ್ತಿ ಸುಮಾರು 5 ಕಿಲೋವಾಟ್ ಮಾತ್ರ, ಅದೂ ನಷ್ಟವನ್ನು ಕಳೆಯುವ ಮೊದಲು. ಅಡಿಕೆ ಸಸಿಗೆ ಗುಂಡಿ ತೋಡುವ ಕೆಲಸವೇ ಮುಖ್ಯವಾಗಿದ್ದರೆ ಹಿಂದಿನ ಪಿ.ಟಿ.ಒ.ಗೆ (ಎಂಜಿನ್ ಶಕ್ತಿಯಿಂದ ತಿರುಗುವ ಶಾಫ್ಟಿಗೆ) ಜೋಡಿಸುವ ಆಗರ್ ಹೆಚ್ಚು ಉಪಯುಕ್ತ.

ಗ್ರ್ಯಾಪಲ್‌ಗಾಗಿ ಮಾತ್ರ ಲೈನ್ ಹಾಕಿಸುವ ತೋಟಿಗರಿಗೆ ಡೈವರ್ಟರ್ ವಾಲ್ವೇ ಸೂಕ್ತ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಾಗಾಗಿ ಮುಂದಿನ ವಿವರಗಳು ಮುಖ್ಯವಾಗಿ ಅದಕ್ಕೆ ಸಂಬಂಧಿಸಿವೆ. ಥರ್ಡ್ ಫಂಕ್ಷನ್ ವಾಲ್ವ್ ಹಾಕುವವರು ಗಮನಿಸಬೇಕಾದದ್ದನ್ನು ಜೋಡಣೆಯ ಭಾಗದ ಕೊನೆಯಲ್ಲಿ ಬೇರೆಯಾಗಿ ಹೇಳಿದೆ.

ಕೊಳ್ಳುವ ಮೊದಲು ಅಳೆಯಬೇಕಾದದ್ದು

ಪಂಪಿನ ಹರಿವು ಮಾಲೀಕರ ಕೈಪಿಡಿಯಲ್ಲಿರುತ್ತದೆ. ಸಿಗದಿದ್ದರೆ ಲೋಡರ್‌ನಿಂದಲೇ ಲೆಕ್ಕ ಹಾಕಬಹುದು. ಎತ್ತುವ ಸಿಲಿಂಡರ್‌ನ ಒಳವ್ಯಾಸ 50 ಮಿ.ಮೀ., ಚಲನೆಯ ಉದ್ದ 450 ಮಿ.ಮೀ. ಇದ್ದರೆ ಒಂದು ಸಿಲಿಂಡರ್ ತುಂಬಲು ಸುಮಾರು 0.88 ಲೀಟರ್, ಎರಡಕ್ಕೆ 1.77 ಲೀಟರ್ ಆಯಿಲ್ ಬೇಕು. ಕೆಲಸದ ಆರ್.ಪಿ.ಎಂ.ನಲ್ಲಿ ಖಾಲಿ ಬಕೆಟ್ ನೆಲದಿಂದ ಪೂರ್ತಿ ಮೇಲೇರಲು 5 ಸೆಕೆಂಡ್ ತೆಗೆದುಕೊಂಡರೆ ಹರಿವು ನಿಮಿಷಕ್ಕೆ ಸುಮಾರು 21 ಲೀಟರ್ ಎಂದಾಯಿತು. ಕೊಳ್ಳುವ ವಾಲ್ವಿನ ಹರಿವಿನ ಮಿತಿ ಇದಕ್ಕಿಂತ ಹೆಚ್ಚಿರಬೇಕು.

ಒತ್ತಡವನ್ನು ಮಾತ್ರ ಊಹಿಸಬೇಡಿ. 0ರಿಂದ 250 ಬಾರ್‌ವರೆಗಿನ, ಗ್ಲಿಸರಿನ್ ತುಂಬಿದ ಗೇಜನ್ನು ಬಕೆಟ್ ಲೈನಿಗೆ ಟೀ ಹಾಕಿ ಜೋಡಿಸಿ, ಬಕೆಟ್ಟನ್ನು ಪೂರ್ತಿ ಒಳಗೆ ಮಡಚಿ ಲಿವರನ್ನು ಎರಡು ಮೂರು ಸೆಕೆಂಡ್ ಮಾತ್ರ ಹಿಡಿದಾಗ ರಿಲೀಫ್ ವಾಲ್ವ್ ತೆರೆಯುವ ಒತ್ತಡ ಕಾಣುತ್ತದೆ. ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಇದು ಸಾಮಾನ್ಯವಾಗಿ 130ರಿಂದ 200 ಬಾರ್ ನಡುವೆ ಇರುತ್ತದೆ. ಬಲ ಸಾಲದೆಂದು ರಿಲೀಫ್ ವಾಲ್ವಿನ ಸ್ಕ್ರೂ ತಿರುಗಿಸುವುದನ್ನು ಯಾರೇ ಸೂಚಿಸಿದರೂ ಒಪ್ಪಬೇಡಿ. ಪಂಪ್, ಹೋಸ್, ಲೋಡರ್‌ನ ಪಿನ್ನುಗಳು, ಮುಂದಿನ ಆಕ್ಸಲ್ ಎಲ್ಲವೂ ಆ ಮಿತಿಗೆ ತಕ್ಕಂತೆ ಮಾಡಿದವು.

ಗ್ರ್ಯಾಪಲ್ ಸಿಲಿಂಡರ್ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬ ಭಾವನೆ ಸಾಮಾನ್ಯ. 50 ಮಿ.ಮೀ. ಒಳವ್ಯಾಸದ ಸಿಲಿಂಡರ್ 150 ಬಾರ್‌ನಲ್ಲಿ ಸುಮಾರು 3 ಟನ್ ಬಲದಿಂದ ತಳ್ಳುತ್ತದೆ, 40 ಮಿ.ಮೀ.ನದು ಸುಮಾರು 1.9 ಟನ್. ದವಡೆಯ ತುದಿಗೆ ತಲುಪುವಾಗ ಸನ್ನೆಯ ಉದ್ದಕ್ಕೆ ತಕ್ಕಂತೆ ಈ ಬಲ ಕಡಿಮೆಯಾಗುತ್ತದಾದರೂ ಸೊಪ್ಪು ಮತ್ತು ತುಂಡುಗಳಿಗೆ 40 ಮಿ.ಮೀ. ಧಾರಾಳವಾಯಿತು. ಇನ್ನು ತೂಕ. 300 ಕಿಲೋ ಎತ್ತುವ ಲೋಡರ್‌ಗೆ 120 ಕಿಲೋ ತೂಗುವ ಗ್ರ್ಯಾಪಲ್ ಹಾಕಿದರೆ ಹೊರೆಗೆ ಉಳಿಯುವುದು 180 ಕಿಲೋ. ಹಸಿ ಮರದ ತುಂಡು ನೋಡಿದ್ದಕ್ಕಿಂತ ಬಹಳ ಭಾರ. ಹಿಂದಿನ ಲಿಫ್ಟಿಗೆ ಸಮತೂಕದ ಭಾರ ಕಟ್ಟದೆ, ತೋಟದ ಇಳಿಜಾರಿನಲ್ಲಿ ಮುಂದೆ ಹೊರೆ ಹೊತ್ತು ಇಳಿಯುವುದು ಅಪಾಯಕ್ಕೆ ಆಹ್ವಾನ.

ಸಾಮಾನು: ಹೋಸ್, ಥ್ರೆಡ್, ಕಪ್ಲಿಂಗ್

ಹೋಸ್ ಪ್ರೆಸ್ ಮಾಡುವ ಅಂಗಡಿಯಲ್ಲಿ ಗಾತ್ರದ ಜೊತೆಗೆ ದರ್ಜೆಯನ್ನೂ ಹೇಳಿ ಕೇಳಬೇಕು. ಉಕ್ಕಿನ ಒಂದೇ ಹೆಣಿಗೆ ಇರುವ ಆರ್1 ದರ್ಜೆಯ ಮೂರೆಂಟಾಂಶ ಇಂಚಿನ ಹೋಸ್ 180 ಬಾರ್‌ವರೆಗಿನ ಕೆಲಸಕ್ಕೆ, ಎರಡು ಹೆಣಿಗೆಯ ಆರ್2 ದರ್ಜೆಯದು 330 ಬಾರ್‌ವರೆಗಿನ ಕೆಲಸಕ್ಕೆ ತಕ್ಕದ್ದು. ನಿಮ್ಮ ರಿಲೀಫ್ 150 ಬಾರ್ ಇದ್ದರೂ ಗ್ರ್ಯಾಪಲ್ ಹೊರೆಯನ್ನು ಹಿಡಿದಿರುವಾಗ ಬಕೆಟ್ಟನ್ನು ಮಡಚಿದರೆ ಗ್ರ್ಯಾಪಲ್ ಸಿಲಿಂಡರ್‌ನೊಳಗೆ ಸಿಕ್ಕಿಬಿದ್ದ ಆಯಿಲಿನ ಒತ್ತಡ ಅದಕ್ಕಿಂತ ಮೇಲೇರಬಹುದು. ಆದ್ದರಿಂದ ಆರ್2 ದರ್ಜೆಯನ್ನೇ ಹಾಕಿಸಿ. ಆ ಹೋಸನ್ನು 130 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಬಾರದು. ಒತ್ತಡ ಬಂದಾಗ ಹೋಸಿನ ಉದ್ದ ನೂರಕ್ಕೆ ನಾಲ್ಕರಷ್ಟು ಕುಗ್ಗಬಹುದಾದ್ದರಿಂದ ಎಳೆದು ಕಟ್ಟಿದ ಅಳತೆಯನ್ನು ಕೊಡಬೇಡಿ. ಲೋಡರ್ ಪೂರ್ತಿ ಮೇಲಿದ್ದಾಗ, ಪೂರ್ತಿ ಕೆಳಗಿದ್ದಾಗ, ಬಕೆಟ್ ಪೂರ್ತಿ ಮಗುಚಿದಾಗ, ಈ ಮೂರೂ ಸ್ಥಿತಿಗಳಲ್ಲಿ ಒಂದು ಹಳೆಯ ನೀರಿನ ಪೈಪ್ ಅಥವಾ ಹಗ್ಗ ಹಿಡಿದು ಅಳೆದು ಅತಿ ಉದ್ದದ ಅಳತೆಗೆ ಸ್ವಲ್ಪ ಸೇರಿಸಿ.

ತೋಳಿನ ನೇರ ಭಾಗದಲ್ಲಿ ಹೋಸಿನ ಬದಲು ಉಕ್ಕಿನ ಸೀಮ್‌ಲೆಸ್ ಹೈಡ್ರಾಲಿಕ್ ಪೈಪ್ ಹಾಕಬಹುದು, ಕೊಂಬೆಗಳು ತಾಗುವ ತೋಟದಲ್ಲಿ ಅದೇ ಮೇಲು. ಆದರೆ ನೀರಿನ ಜಿ.ಐ. ಪೈಪ್, ನೀರಿನ ಎಲ್ಬೋ, ನೀರಿನ ಬಾಲ್ ವಾಲ್ವ್ ಇವುಗಳಲ್ಲಿ ಯಾವುದನ್ನೂ ಈ ಲೈನಿನಲ್ಲಿ ಬಳಸಕೂಡದು. ಮನೆಯಲ್ಲಿ ಬಿದ್ದಿದೆ ಎಂಬ ಕಾರಣಕ್ಕೆ ಅವನ್ನು ಬಳಸುವ ಮನಸ್ಸಾಗುವುದು ಸಹಜ. ಒತ್ತಡದಲ್ಲಿ ಅವು ಸಿಡಿದರೆ ಎದುರಿಗಿದ್ದವರ ಗತಿ ನೆನೆದು ದೂರವಿಡಿ.

ಥ್ರೆಡ್‌ಗಳ ವಿಷಯದಲ್ಲಿ ಆಗುವಷ್ಟು ಗೊಂದಲ ಬೇರೆಲ್ಲೂ ಆಗುವುದಿಲ್ಲ. ನಮ್ಮ ಕಡೆ ಕಟ್ಟಿಸಿದ ಲೋಡರ್‌ಗಳಲ್ಲಿ ಬಿ.ಎಸ್.ಪಿ. ಥ್ರೆಡ್ ಸಾಮಾನ್ಯ; ಹೊರದೇಶದ ವಾಲ್ವ್‌ಗಳಲ್ಲಿ ಎನ್.ಪಿ.ಟಿ., ಜೆ.ಐ.ಸಿ., ಮೆಟ್ರಿಕ್ ಯಾವುದೂ ಇರಬಹುದು. ಮೂರೆಂಟಾಂಶ ಬಿ.ಎಸ್.ಪಿ.ಯ ಹೊರವ್ಯಾಸ 16.66 ಮಿ.ಮೀ., ಇಂಚಿಗೆ 19 ಸುತ್ತು. ಎಂ16 ಮೆಟ್ರಿಕ್‌ನದು 16 ಮಿ.ಮೀ., ಸುತ್ತಿನ ಅಂತರ 1.5 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಅರ್ಧ ಇಂಚಿನ ಬಿ.ಎಸ್.ಪಿ. ಮತ್ತು ಎನ್.ಪಿ.ಟಿ. ಇನ್ನೂ ಮೋಸದವು: ಎರಡರಲ್ಲೂ ಇಂಚಿಗೆ 14 ಸುತ್ತು ಇರುವುದರಿಂದ ಒಂದರೊಳಗೆ ಇನ್ನೊಂದು ಕೆಲವು ಸುತ್ತು ಸಲೀಸಾಗಿ ಹೋಗುತ್ತದೆ, ಆದರೆ ಹಲ್ಲಿನ ಕೋನ ಒಂದರದು 55 ಡಿಗ್ರಿ, ಇನ್ನೊಂದರದು 60. ಬಿಗಿದಂತೆ ಕಂಡರೂ ಒತ್ತಡ ಬಂದಾಗ ಸೋರುತ್ತದೆ ಅಥವಾ ಕಿತ್ತುಬರುತ್ತದೆ. ವರ್ನಿಯರ್ ಮತ್ತು ಥ್ರೆಡ್ ಗೇಜ್ ಇರುವ ಅಂಗಡಿಗೆ ವಾಲ್ವನ್ನೇ ಒಯ್ದು, ಅಲ್ಲೇ ಕೂರಿಸಿ ನೋಡಿ ನಿಪ್ಪಲ್ ಕೊಳ್ಳಿ. ಶಿರಸಿಯಿಂದಲೋ ಕಾರವಾರದಿಂದಲೋ ಒಂದು ನಿಪ್ಪಲ್‌ಗಾಗಿ ಮತ್ತೆ ಹುಬ್ಬಳ್ಳಿಗೆ ಓಡುವುದು ಇದರಿಂದ ತಪ್ಪುತ್ತದೆ.

ಸೀಲ್ ಮಾಡುವ ರೀತಿಯೂ ಥ್ರೆಡ್‌ಗೆ ತಕ್ಕಂತೆ ಬೇರೆ. ನೇರ ಬಿ.ಎಸ್.ಪಿ. ಪೋರ್ಟಿಗೆ ಡೌಟಿ ವಾಷರ್ (ಒಳ ಅಂಚಿಗೆ ರಬ್ಬರ್ ಇರುವ ಲೋಹದ ವಾಷರ್) ಬೇಕು, ಜೆ.ಐ.ಸಿ.ಯಲ್ಲಿ 37 ಡಿಗ್ರಿಯ ಕೋನದ ಮುಖವೇ ಸೀಲ್. ಓ ರಿಂಗ್ ಪೋರ್ಟಿನಲ್ಲಿ ಓ ರಿಂಗೇ ಸೀಲ್. ಇವ್ಯಾವುದಕ್ಕೂ ಟೆಫ್ಲಾನ್ ಟೇಪ್ ಸುತ್ತಬಾರದು. ಟೇಪಿನ ಚೂರು ಹರಿದು ವಾಲ್ವಿನೊಳಗೆ ಜಾರುವ ಸ್ಪೂಲ್ ಎಂಬ ಕಡ್ಡಿಗೆ ಸಿಕ್ಕಿದರೆ ಬಕೆಟ್ ಅರ್ಧದಲ್ಲೇ ನಿಲ್ಲುತ್ತದೆ.

ಗ್ರ್ಯಾಪಲ್ ಬಿಚ್ಚಿ ಬಕೆಟ್ ಹಾಕಿಕೊಳ್ಳಲು ಕ್ವಿಕ್ ಕಪ್ಲಿಂಗ್ ಬೇಕಷ್ಟೆ. ಕೆಂಪು ಮಣ್ಣಿನ ಧೂಳು ಮತ್ತು ಕೆಸರಿನ ನಮ್ಮ ಊರುಗಳಿಗೆ ಮುಖ ಚಪ್ಪಟೆಯಾದ ಫ್ಲ್ಯಾಟ್ ಫೇಸ್ ಕಪ್ಲಿಂಗ್ ಸ್ವಲ್ಪ ದುಬಾರಿಯಾದರೂ ತಕ್ಕದ್ದು, ಏಕೆಂದರೆ ಅದನ್ನು ಬಟ್ಟೆಯಿಂದ ಒಂದೇ ಸಲ ಒರೆಸಿ ಶುಚಿ ಮಾಡಬಹುದು, ಬಿಚ್ಚುವಾಗ ಆಯಿಲ್ ಹನಿಯುವುದೂ ಕಡಿಮೆ. ಲೋಡರ್ ಕಡೆ ಒಂದು ಗಂಡು, ಒಂದು ಹೆಣ್ಣು ಕಪ್ಲಿಂಗ್ ಇಟ್ಟರೆ ಲೈನ್ ಅದಲುಬದಲಾಗುವ ಪ್ರಶ್ನೆಯೇ ಬರುವುದಿಲ್ಲ.

ಕೈ ಹಾಕುವ ಮುನ್ನ

ಲೋಡರನ್ನು ನೆಲಕ್ಕೆ ಪೂರ್ತಿ ಇಳಿಸಿ, ಎಂಜಿನ್ ನಿಲ್ಲಿಸಿ, ಎಲ್ಲ ಲಿವರ್‌ಗಳನ್ನೂ ನಾಲ್ಕೂ ದಿಕ್ಕಿಗೆ ಹಲವು ಸಲ ಆಡಿಸಿ ಒಳಗಿನ ಒತ್ತಡವನ್ನು ಬಿಡಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಿರಿ. ಎತ್ತಿದ ಲೋಡರ್‌ನ ಕೆಳಗೆ ಕೆಲಸ ಮಾಡಲೇಬೇಕಾದರೆ ಸಿಲಿಂಡರ್ ರಾಡಿಗೆ ಉಕ್ಕಿನ ಆಧಾರ ಕೊಡದೆ ತಲೆ ಒಡ್ಡಬಾರದು.

ಇನ್ನೊಂದು ಅಪಾಯ ಬರಿಗಣ್ಣಿಗೆ ಕಾಣದು. ಸೂಜಿಮೊನೆಯಷ್ಟು ಸೋರಿಕೆಯಿಂದ 150 ಬಾರ್ ಒತ್ತಡದಲ್ಲಿ ಹೊರಬರುವ ಆಯಿಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಇರುವೆ ಕಚ್ಚಿದಷ್ಟೇ ಕಾಣುತ್ತದೆ, ಮೊದಲು ನೋವೂ ಅಷ್ಟಾಗಿರುವುದಿಲ್ಲ, ಆದರೆ ಒಳಗಿನ ಮಾಂಸ ಕೊಳೆಯಲಾರಂಭಿಸುತ್ತದೆ. ಇದು ತುರ್ತು ಶಸ್ತ್ರಚಿಕಿತ್ಸೆಯ ಪ್ರಕರಣ. ದೊಡ್ಡ ಆಸ್ಪತ್ರೆಗೆ ಹುಬ್ಬಳ್ಳಿ, ಮಣಿಪಾಲ, ಗೋವಾ ಎಂದು ಹೊರಡಬೇಕಾದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬೆಳಿಗ್ಗೆ ನೋಡೋಣ ಎಂದು ಕಾಯುವುದಕ್ಕೆ ಅವಕಾಶವೇ ಇಲ್ಲ. ಕೂಡಲೇ ಹೊರಟು, ಒತ್ತಡದ ಹೈಡ್ರಾಲಿಕ್ ಆಯಿಲ್ ಚರ್ಮದೊಳಗೆ ಹೋಗಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕದೆ ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡುವ ಅಭ್ಯಾಸವನ್ನು ಕೆಲಸದಾಳುಗಳಿಗೂ ಕಲಿಸಿ.

ಜೋಡಣೆಯ ಕ್ರಮ

ವಾಲ್ವಿಗೆ ಸರಿಯಾದ ಜಾಗ ಲೋಡರ್‌ನ ಎರಡು ತೋಳುಗಳನ್ನು ಕೂಡಿಸುವ ಅಡ್ಡ ಪೈಪ್. ಅಲ್ಲಿ ಬಕೆಟ್ ಸಿಲಿಂಡರ್‌ಗಳ ಲೈನ್‌ಗಳು ಹತ್ತಿರದಲ್ಲೇ ಸಿಗುತ್ತವೆ, ಹೊಸ ಹೋಸ್ ಹೆಚ್ಚು ಬೇಕಾಗುವುದಿಲ್ಲ, ತೋಳಿನ ಉದ್ದಕ್ಕೂ ಒಯ್ಯಬೇಕಾದದ್ದು ತೆಳುವಾದ ವೈರ್ ಮಾತ್ರ. 6 ಮಿ.ಮೀ. ದಪ್ಪದ ಪಟ್ಟಿಯಿಂದ ಬ್ರಾಕೆಟ್ ಮಾಡಿ ಯು ಬೋಲ್ಟ್‌ನಿಂದ ಬಿಗಿದರೆ ಒಳ್ಳೆಯದು. ವೆಲ್ಡಿಂಗ್ ಮಾಡಿಸಲೇಬೇಕಾದರೆ ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಆಗುವ ಜಾಗದ ಪಕ್ಕದಲ್ಲೇ ಹಾಕಿಸಿ. ಕರೆಂಟ್ ಸಿಲಿಂಡರ್ ಪಿನ್ನುಗಳ ಮೂಲಕ ಹಾದುಹೋದರೆ ಪಿನ್ನು, ಬುಷ್ ಎರಡೂ ಸುಡುತ್ತವೆ. ವಾಲ್ವ್ ಬಕೆಟ್ಟಿಗಾಗಲೀ ಎತ್ತಿದ ಮರದ ತುಂಡಿಗಾಗಲೀ ತಾಗದಂತೆ ಮುಂದೆ ಒಂದು ತಗಡಿನ ಕವಚ ಇರಲಿ.

ಬಕೆಟ್ ಲೈನ್‌ಗಳನ್ನು ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಡೀಸೆಲ್ ಹಚ್ಚಿದ ಬ್ರಷ್‌ನಿಂದ ತೊಳೆದು ಒರೆಸಿ, ಬಲ ಎಡಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಕಟ್ಟಿ ಗುರುತು ಮಾಡಿ. ಬಿಚ್ಚಿದ ಪ್ರತಿ ತುದಿಗೂ ತಕ್ಷಣ ಪ್ಲಗ್ ಹಾಕಬೇಕು. ಕೆಳಗೆ ಬಾಣಲೆ ಇಟ್ಟು ಸುರಿಯುವ ಆಯಿಲನ್ನು ಹಿಡಿಯಿರಿ; ತೋಟದ ಬಸಿಗಾಲುವೆಗೆ ಇಳಿದ ಆಯಿಲ್ ಕೆಳಗಿನವರ ಹಳ್ಳಕ್ಕೂ ಬಾವಿಗೂ ಸೇರುತ್ತದೆ. ಹೊಸದಾಗಿ ಪ್ರೆಸ್ ಮಾಡಿದ ಹೋಸಿನೊಳಗೆ ಕತ್ತರಿಸುವಾಗ ಬಿದ್ದ ರಬ್ಬರ್ ಮತ್ತು ತಂತಿಯ ಪುಡಿ ಇದ್ದೇ ಇರುತ್ತದೆ, ಆದ್ದರಿಂದ ಒಳಗೆ ಶುದ್ಧ ಆಯಿಲ್ ಹೊಯ್ದು ಕಂಪ್ರೆಸರ್ ಗಾಳಿಯಿಂದ ಊದಿಸಿಯೇ ಜೋಡಿಸಿ.

ಲೋಡರ್ ವಾಲ್ವಿನಿಂದ ಬರುವ ಎರಡು ಲೈನ್‌ಗಳು ಡೈವರ್ಟರ್‌ನ ಎರಡು ಒಳಪೋರ್ಟ್‌ಗಳಿಗೆ ಹೋಗಬೇಕು. ವಿದ್ಯುತ್ ಇಲ್ಲದಾಗ ತೆರೆದಿರುವ ಪೋರ್ಟ್ ಜೋಡಿಯಿಂದ ಬಕೆಟ್ ಸಿಲಿಂಡರ್‌ಗೂ, ವಿದ್ಯುತ್ ಬಂದಾಗ ತೆರೆಯುವ ಜೋಡಿಯಿಂದ ಗ್ರ್ಯಾಪಲ್ ಕಪ್ಲಿಂಗ್‌ಗೂ ಸಂಪರ್ಕ ಕೊಡಬೇಕು. ಇದು ತಿರುವುಮುರುವಾದರೆ ಫ್ಯೂಸ್ ಹೋದ ದಿನ ಬಕೆಟ್ ಅಲುಗುವುದೇ ಇಲ್ಲ. ಯಾವ ಜೋಡಿ ಯಾವುದೆಂಬುದು ವಾಲ್ವಿನ ಮೇಲಿನ ಚಿತ್ರದಲ್ಲಿರುತ್ತದೆ. ಬಕೆಟ್ ಮಡಚುವ ಕಡೆಗೆ ಲಿವರ್ ಎಳೆದಾಗ ಗ್ರ್ಯಾಪಲ್ ಮುಚ್ಚುವಂತೆ ಎ, ಬಿ ಲೈನ್‌ಗಳನ್ನು ಹೊಂದಿಸಿದರೆ ಕೈಗೆ ಅಭ್ಯಾಸವಾಗುವುದು ಸುಲಭ. ನಿಪ್ಪಲ್ ಬಿಗಿಯುವಾಗ ಒಂದು ಸ್ಪ್ಯಾನರ್‌ನಿಂದ ಪೋರ್ಟಿನ ನಟ್ಟನ್ನು ಹಿಡಿದು ಇನ್ನೊಂದರಿಂದ ಹೋಸ್ ನಟ್ಟನ್ನು ತಿರುಗಿಸಿ. ಹೋಸಿನ ಮೈಮೇಲೆ ಉದ್ದಕ್ಕೆ ಅಚ್ಚಾದ ಅಕ್ಷರದ ಗೆರೆ ಸುತ್ತಿಕೊಂಡಂತೆ ಕಂಡರೆ ಹೋಸ್ ತಿರುಚಿದೆ ಎಂದರ್ಥ. ಸಡಿಲಿಸಿ ನೇರ ಮಾಡಿ ಮತ್ತೆ ಬಿಗಿಯಬೇಕು.

ಗ್ರ್ಯಾಪಲ್ ಲೈನಿಗೆ ಎರಡು ಸಣ್ಣ ಸೇರ್ಪಡೆಗಳನ್ನು ನಾನು ಒತ್ತಿ ಹೇಳುತ್ತೇನೆ. 40 ಮಿ.ಮೀ. ಒಳವ್ಯಾಸ, 200 ಮಿ.ಮೀ. ಚಲನೆಯ ಸಿಲಿಂಡರ್‌ಗೆ ಬೇಕಾದ ಆಯಿಲ್ ಕಾಲು ಲೀಟರ್ ಮಾತ್ರ. ನಿಮಿಷಕ್ಕೆ 20 ಲೀಟರ್ ಹರಿವಿನಲ್ಲಿ ಅದು ಮುಕ್ಕಾಲು ಸೆಕೆಂಡಿನಲ್ಲಿ ಮುಚ್ಚಿಬಿಡುತ್ತದೆ. ಪಕ್ಕದಲ್ಲಿ ಸೊಪ್ಪು ಸರಿಸುತ್ತಿರುವ ಕೆಲಸದವರ ಕೈಗೆ ಇದು ಅಪಾಯ, ಹಾಗಾಗಿ ಒಂದು ಲೈನಿನಲ್ಲಿ ಫ್ಲೋ ಕಂಟ್ರೋಲ್ ವಾಲ್ವ್ ಹಾಕಿ ನಿಧಾನಗೊಳಿಸಿ. ಎರಡನೆಯದು, ಹೊರೆ ಹೊತ್ತಾಗ ದವಡೆ ಮೆಲ್ಲಗೆ ಸಡಿಲವಾಗದಂತೆ ಸಿಲಿಂಡರ್ ಬಳಿಯೇ, ಲಿವರ್ ಆಡಿಸುವವರೆಗೆ ಆಯಿಲನ್ನು ಹಿಂದಕ್ಕೆ ಬಿಡದ ಪೈಲಟ್ ಚೆಕ್ ವಾಲ್ವ್. ಸ್ಪೂಲ್ ಮಾದರಿಯ ಡೈವರ್ಟರ್‌ನಲ್ಲಿ ಒಳಗೆ ಅಲ್ಪ ಸೋರಿಕೆ ಇರುವುದು ಸಹಜವಾದ್ದರಿಂದ ಇದು ಬೇಕಾಗುತ್ತದೆ. ಮರದ ತುಂಡುಗಳೇ ಮುಖ್ಯ ಕೆಲಸವಾದರೆ ಆ ಚೆಕ್ ವಾಲ್ವಿಗೂ ಸಿಲಿಂಡರ್‌ಗೂ ನಡುವೆ ಒತ್ತಡ ತಪ್ಪಿಸುವ ಪೋರ್ಟ್ ರಿಲೀಫ್ ಕೂಡ ಇರಲಿ.

ಇನ್ನು ಥರ್ಡ್ ಫಂಕ್ಷನ್ ವಾಲ್ವ್ ಹಾಕುವವರಿಗೆ. ಪಂಪಿನ ಒತ್ತಡದ ಲೈನ್ ಹೊಸ ವಾಲ್ವಿನ ಪಿ ಪೋರ್ಟಿಗೆ, ಅದರ ಪವರ್ ಬಿಯಾಂಡ್ ಪೋರ್ಟಿನಿಂದ ಹೋಸ್ ಲೋಡರ್ ವಾಲ್ವಿನ ಪಿ ಪೋರ್ಟಿಗೆ, ಟಿ ಪೋರ್ಟಿನಿಂದ ಪ್ರತ್ಯೇಕ ಹೋಸ್ ನೇರವಾಗಿ ಟ್ಯಾಂಕಿಗೆ ಹೋಗಬೇಕು. ಪವರ್ ಬಿಯಾಂಡ್ ಸ್ಲೀವ್ ಇಲ್ಲದ ಸಾಮಾನ್ಯ ಡಿ.ಸಿ. (ಡೈರೆಕ್ಷನಲ್ ಕಂಟ್ರೋಲ್) ವಾಲ್ವಿನ ಟಿ ಪೋರ್ಟನ್ನೇ ಮುಂದಿನ ವಾಲ್ವಿಗೆ ಜೋಡಿಸುವ ಅಡ್ಡದಾರಿಯನ್ನು ಕೆಲವರು ಹಿಡಿಯುತ್ತಾರೆ. ಮುಂದಿನ ವಾಲ್ವ್ ಕೆಲಸ ಮಾಡಿದಾಗಲೆಲ್ಲ ಪೂರ್ತಿ ಒತ್ತಡ ಹಿಂದಿನ ವಾಲ್ವಿನ ಟ್ಯಾಂಕ್ ಕೋಣೆಗೆ ಬಂದು ಅದರ ಸೀಲ್ ಹಾರುತ್ತದೆ, ಕೆಲವೊಮ್ಮೆ ಎರಕದ ಮೈಯೇ ಒಡೆಯುತ್ತದೆ. ಟ್ಯಾಂಕಿಗೆ ಮರಳುವ ಲೈನ್ ಆಯಿಲ್ ಮಟ್ಟದ ಕೆಳಗೆ ತೆರೆದುಕೊಳ್ಳಬೇಕು, ಮೇಲಿನಿಂದ ಸುರಿದರೆ ನೊರೆ ಬರುತ್ತದೆ. ಆ ಲೈನಿನಲ್ಲಿ ಮುಚ್ಚಬಹುದಾದ ಯಾವ ನಲ್ಲಿಯೂ, ಬಿಚ್ಚಬಹುದಾದ ಯಾವ ಕ್ವಿಕ್ ಕಪ್ಲಿಂಗೂ ಇರಕೂಡದು.

ವಿದ್ಯುತ್ ಸಂಪರ್ಕ

ಸೊಲೆನಾಯ್ಡ್ ಕಾಯಿಲ್ ಸಾಮಾನ್ಯವಾಗಿ 30ರಿಂದ 36 ವಾಟ್‌ನದು, ಅಂದರೆ ಎಳೆಯುವ ಕರೆಂಟ್ 3 ಆಂಪಿಯರ್ ಆಸುಪಾಸು. ಇಗ್ನಿಷನ್ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗದಿಂದ ಬಟನ್‌ಗೆ ಸಂಪರ್ಕ ಕೊಟ್ಟು, ಬಟನ್‌ನಿಂದ ರಿಲೇ ನಡೆಸಿ, ಬ್ಯಾಟರಿಯಿಂದ 5 ಆಂಪಿಯರ್ ಫ್ಯೂಸ್ ಮೂಲಕ ಬರುವ ವೈರನ್ನು ರಿಲೇಯ ಮೂಲಕ ಕಾಯಿಲಿಗೆ ಒಯ್ಯಿರಿ. 1.5 ಚದರ ಮಿ.ಮೀ. ತಾಮ್ರದ ವೈರ್ ಸಾಕು. ಒತ್ತಿ ಹಿಡಿದಾಗ ಮಾತ್ರ ಕೆಲಸ ಮಾಡುವ ಬಟನ್ನನ್ನೇ ಲಿವರ್‌ನ ಗುಂಡಿಯಲ್ಲಿ ಕೂರಿಸಿ. ಒತ್ತಿದರೆ ಹಾಗೇ ನಿಲ್ಲುವ ಸ್ವಿಚ್ ಹಾಕಿದರೆ ಅದು ಆನ್ ಇರುವುದನ್ನು ಮರೆತು ಲಿವರ್ ಆಡಿಸಿದಾಗ ಬಕೆಟ್ ಬದಲು ದವಡೆ ತೆರೆದು ಹೊರೆ ಬೀಳುತ್ತದೆ. ಬಿಡುವಾಗ ಕಾಯಿಲಿನಿಂದ ಹಿಮ್ಮರಳುವ ವೋಲ್ಟೇಜ್ ರಿಲೇಯನ್ನು ಸುಡದಂತೆ ಕಾಯಿಲಿಗೆ ಅಡ್ಡಲಾಗಿ ಒಂದು ಡಯೋಡ್, ಅದರ ಗೆರೆಯಿರುವ ತುದಿ ಪಾಸಿಟಿವ್ ಕಡೆಗೆ, ಇರಬೇಕು. ಕಾಯಿಲಿನ ಪ್ಲಗ್ಗಿನ ವೈರ್ ಬಾಯಿ ಕೆಳಮುಖವಾಗಿರಲಿ. ನಮ್ಮ ಮಳೆಗೆ ಮೇಲ್ಮುಖದ ಬಾಯಿ ನಿಲ್ಲದು.

ಆಯಿಲ್ ತುಂಬಿ ಪರೀಕ್ಷಿಸುವುದು

ಹೊಸ ಲೈನ್ ಕುಡಿಯುವ ಆಯಿಲನ್ನು ಮೊದಲೇ ಲೆಕ್ಕ ಹಾಕಿ. ಮೂರೆಂಟಾಂಶ ಇಂಚಿನ ಹೋಸಿನಲ್ಲಿ ಮೀಟರಿಗೆ ಸುಮಾರು 70 ಮಿ.ಲೀ. ಹಿಡಿಯುತ್ತದೆ, ಸಿಲಿಂಡರ್ ಸೇರಿ ಒಟ್ಟು ಅರ್ಧದಿಂದ ಒಂದು ಲೀಟರ್ ಬೇಕಾಗಬಹುದು. ಗೇರ್ ಬಾಕ್ಸ್ ಆಯಿಲೇ ಹೈಡ್ರಾಲಿಕ್ ಆಗಿರುವ ಟ್ರ್ಯಾಕ್ಟರ್‌ಗೆ ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಬೇಕು. ಬೇರೆ ಟ್ಯಾಂಕ್ ಇರುವ ಲೋಡರ್‌ಗೆ ಈಗಾಗಲೇ ಇರುವ ಆಯಿಲ್, ಸಾಮಾನ್ಯವಾಗಿ 46 ಅಥವಾ 68 ಸ್ನಿಗ್ಧತೆಯ ದರ್ಜೆಯದು, ಅದನ್ನೇ ಮುಂದುವರಿಸಬೇಕು. ಎರಡನ್ನು ಬೆರೆಸಬೇಡಿ.

ಎಂಜಿನ್ನನ್ನು ಐಡ್ಲಿಂಗ್‌ನಲ್ಲೇ ಇಟ್ಟು, ಸುತ್ತ ಯಾರೂ ಇಲ್ಲದಂತೆ ನೋಡಿಕೊಂಡು, ಮೊದಲು ಬಟನ್ ಒತ್ತದೆ ಬಕೆಟ್ಟನ್ನು ಆಡಿಸಿ. ಅದು ಸರಿಯಿದ್ದರೆ ಬಟನ್ ಒತ್ತಿ ಗ್ರ್ಯಾಪಲನ್ನು ಮೆಲ್ಲಗೆ ತೆರೆದು ಮುಚ್ಚಿ. ಒಳಗಿನ ಗಾಳಿ ಹೋಗುವವರೆಗೆ ಚಲನೆ ಎಳೆದೆಳೆದು ಬಿಟ್ಟಂತಿರುತ್ತದೆ, ಆಯಿಲ್ ಹಾಲಿನಂತೆ ಬೆಳ್ಳಗಾಗಬಹುದು. ಸ್ವಲ್ಪ ಹೊತ್ತು ನಿಲ್ಲಿಸಿ ನೊರೆ ಇಳಿದ ಮೇಲೆ ಮುಂದುವರಿಸಿ. ಎಲ್ಲ ಸಿಲಿಂಡರ್‌ಗಳೂ ಒಳಸರಿದ ಸ್ಥಿತಿಯಲ್ಲಿ ಮಟ್ಟ ನೋಡಿ ಆಯಿಲ್ ಸೇರಿಸಿ. ಹಿಂದಿನ ತ್ರೀ ಪಾಯಿಂಟ್ ಲಿಫ್ಟ್ ಮೊದಲಿನಷ್ಟೇ ವೇಗವಾಗಿ ಏಳುತ್ತಿದೆಯೇ ಎಂದು ಪರೀಕ್ಷಿಸುವುದನ್ನು ಬಿಡಬೇಡಿ. ಲಿವರ್ ಮುಟ್ಟದೆ ಎಂಜಿನ್ ಓಡುತ್ತಿರುವಾಗ ಪಂಪ್ ನರಳಿದರೆ ತಕ್ಷಣ ನಿಲ್ಲಿಸಿ ದಾರಿ ಎಲ್ಲಿ ಮುಚ್ಚಿದೆ ಎಂದು ಹುಡುಕಬೇಕು. ಗ್ರ್ಯಾಪಲ್ ತೆರೆಯುವಾಗ ಬಲ ತೀರ ಕಡಿಮೆ, ವೇಗ ಮಾತ್ರ ಹೆಚ್ಚು ಎನಿಸಿದರೆ ನಿಮ್ಮ ಲೋಡರ್ ವಾಲ್ವಿನಲ್ಲಿ ಬಕೆಟ್ ಬೇಗ ಮಗುಚಲೆಂದು ಸಿಲಿಂಡರ್‌ನಿಂದ ಹೊರಬರುವ ಆಯಿಲನ್ನು ಅದರ ಇನ್ನೊಂದು ಬದಿಗೇ ಸೇರಿಸುವ ರೀಜೆನ್ ಸ್ಥಾನ ಇರಬಹುದು. ಲಿವರನ್ನು ಕೊನೆಯವರೆಗೆ ತಳ್ಳದೆ ಅದಕ್ಕಿಂತ ಮೊದಲೇ ನಿಲ್ಲಿಸಿದರೆ ಪೂರ್ಣ ಬಲ ಸಿಗುತ್ತದೆ.

ಮಳೆ, ಉಪ್ಪು ಗಾಳಿ, ಮೈಲುತುತ್ತ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕರಾವಳಿಯಲ್ಲಿ ಸತು ಲೇಪಿಸಿದ ನಿಪ್ಪಲ್‌ಗಳೂ ಉಪ್ಪಿನ ಗಾಳಿಗೆ ಬೇಗ ಬಿಳಿಚಿ ತುಕ್ಕು ಹಿಡಿಯುತ್ತವೆ. ಜೋಡಿಸಿದ ಮೇಲೆ ನಿಪ್ಪಲ್ ಮತ್ತು ಪ್ರೆಸ್ ಮಾಡಿದ ಕಾಲರ್‌ಗಳಿಗೆ ಗ್ರೀಸ್ ಸವರಿ, ಕಪ್ಲಿಂಗ್‌ಗಳಿಗೆ ಬಳಸದಿದ್ದಾಗ ಟೋಪಿ ಹಾಕಿಡಿ. ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ಕೊಳೆರೋಗದ ಮದ್ದು ಹೊಡೆಯುವ ಕಾಲದಲ್ಲಿ ಅದೇ ಟ್ರ್ಯಾಕ್ಟರ್ ಬೋರ್ಡೋ ದ್ರಾವಣದ ಡ್ರಮ್ಮುಗಳನ್ನೂ ಹೊರುತ್ತದೆ. ಸುಣ್ಣ ಬೆರೆಸುವ ಮೊದಲಿನ ಮೈಲುತುತ್ತದ ನೀರು ಸತುವನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಅದು ಸಿಲಿಂಡರ್ ರಾಡಿನ ಮೇಲೆ ಚೆಲ್ಲಿ ಕ್ರೋಮ್ ಪದರ ಸವೆದ ಜಾಗದಲ್ಲಿ ಕೂತರೆ ಅಲ್ಲಿ ಗುಳಿ ಬಿದ್ದು ಸೀಲ್ ಹರಿಯುತ್ತದೆ. ಆ ದಿನವೇ ಸಿಹಿನೀರಿನಿಂದ ತೊಳೆದು, ರಾಡುಗಳನ್ನು ಒಳಕ್ಕೆ ಎಳೆದು ನಿಲ್ಲಿಸಬೇಕು.

ಮೊದಲ ಹತ್ತು ಗಂಟೆಯ ಕೆಲಸ ಮುಗಿದ ಮೇಲೆ ಎಲ್ಲ ಜೋಡಣೆಗಳನ್ನೂ ಮತ್ತೊಮ್ಮೆ ಸ್ಪ್ಯಾನರ್ ಹಿಡಿದು ನೋಡಿ, ಬ್ರಾಕೆಟ್ ಬೋಲ್ಟ್‌ಗಳನ್ನು ಬಿಗಿಯಿರಿ, ಹೋಸ್ ಎಲ್ಲಾದರೂ ತೋಳಿಗೆ ಉಜ್ಜುತ್ತಿದ್ದರೆ ಅಲ್ಲಿ ಕ್ಲ್ಯಾಂಪಿನ ಸ್ಥಾನ ಬದಲಿಸಿ ಹೋಸಿಗೆ ನೈಲಾನ್ ಕವಚ ತೊಡಿಸಿ. ಹೊಸ ಹೋಸ್ ಮತ್ತು ಸಿಲಿಂಡರ್‌ನಿಂದ ಬಂದ ಕಸವೆಲ್ಲ ಸೇರುವುದು ಫಿಲ್ಟರಿಗೆ, ಆದ್ದರಿಂದ ಮುಂದಿನ ಸರ್ವಿಸ್‌ಗೆ ಕಾಯದೆ 50 ಗಂಟೆಯೊಳಗೆ ಹೈಡ್ರಾಲಿಕ್ ಫಿಲ್ಟರ್ ಬದಲಿಸಿ. ಹೋಸಿನ ಹೊರ ರಬ್ಬರ್ ಬಿರಿದು ಒಳಗಿನ ತಂತಿ ಕಂಡರೆ ಆ ಹೋಸನ್ನು ಅಂದೇ ತೆಗೆದುಬಿಡಬೇಕು. ಒಳಗಿನ ತಂತಿಗೆ ಮಳೆಗಾಲದ ತೇವ ತಾಗಿದ ಮೇಲೆ ಅದರ ಮೇಲೆ ಬರೆದಿರುವ 330 ಬಾರ್ ಎಂಬ ಅಂಕಿಗೆ ಬೆಲೆಯಿಲ್ಲ.